ಕಾಕಾನ ಕಾಲ್‌ಸೈನ್

ಮೊನ್ನೆ ಹಳಿಯಾಳ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ದಾಂಡೇಲಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ನಮ್ಮ ಪಕ್ಕದ ಮನೆಯಿಂದ ಬರುತ್ತಿದ್ದದ್ದು ಇದೇ ವಾಸನೆ...

ಆ ಮನೆಯ ಕಾಕಾ ಧಾರವಾಡ ಕಡೆಯವರು. ಪಾಳಿ ಮುಗಿಸಿ ಬಂದರೆ, ತಾವೇ ಬೆಸೆದು ಕಟ್ಟಿದ ಹ್ಯಾಮ್ ರೇಡಿಯೋದ ಮುಂದೆ ಕೂರುತ್ತಿದ್ದರು. ಲೈಸೆನ್ಸಿನ ಜೊತೆ ಸಿಕ್ಕ ನಾಲ್ಕಾರು ಅಕ್ಷರಗಳೇ ಅಲ್ಲಿ ಅವರ ಹೆಸರು. ಅದಕ್ಕೆ ಕಾಲ್‌ಸೈನ್ ಎನ್ನುತ್ತಿದ್ದರು. ಅದನ್ನೇ ಕೂಗಿ ಕೂಗಿ ಎಲ್ಲೆಲ್ಲಿಯವರನ್ನೋ ಮಾತಿಗೆಳೆಯುತ್ತಿದ್ದರು.

"ಏ, ಜಪಾನ್ ಸಿಕ್ತ ನೋಡ!"

"ಅವರಿಗೂ ಚಾ ಇಡ್ಲೇನ್ರಿ?" ಎಂದು ಅವರ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದಲೇ ಕೇಳುತ್ತಿದ್ದರು.

ನಾನು ಕಾಲೇಜಿಗೆ ಹೋಗುತ್ತಿದ್ದ ವರ್ಷ, ದೊಡ್ಡ ಮಳೆಯಲ್ಲಿ, ಬಿದಿರು ತರಲು ಲಾರಿ ಒಯ್ದ ಅಪ್ಪ ಮರಳಲಿಲ್ಲ. ಫೋನುಗಳು ಸತ್ತಿದ್ದವು, ರಸ್ತೆಗೆ ಮರ ಉರುಳಿತ್ತು. ಕಾಕಾ ಬೆಳಗಿನಿಂದ ಗಣೇಶಗುಡಿಯ ಇನ್ನೊಬ್ಬ ಹ್ಯಾಮ್ ರೇಡಿಯೋದವನನ್ನು ಕೂಗುತ್ತಲೇ ಇದ್ದರು. ಮಧ್ಯಾಹ್ನ ಉತ್ತರ ಬಂದಾಗ ನಾನು ಬಾಗಿಲಲ್ಲಿದ್ದೆ. ಲಾರಿ ಹೊಳೆಗೆ ಬಿದ್ದಿದೆ, ಡ್ರೈವರ್ ಉಳಿದಿಲ್ಲ... ಗರಗರ ಸದ್ದಿನ ನಡುವೆ ಅಷ್ಟೂ ಕೇಳಿಸಿತು. ಕಾಕಾ ತಿರುಗಿ ನನ್ನನ್ನು ಕಂಡರು.

"ಕೇಳಿಸ್ತೇನು, ತಂಗಿ?"

"ಕೇಳಿಸ್ತರಿ."

"ಅವ್ವಗ ನಾ ಹೇಳ್ತೇನಿ. ನೀ ಬರೇ ಬಾಜೂಕ ನಿಂದ್ರು."

ನಿಂತೆ. ಅವ್ವ ಚೀರಿದಳು. ನನಗೇನೂ ಆಗಲಿಲ್ಲ. ಪಡಸಾಲೆಯಲ್ಲಿ ಹರವಿದ್ದ ಹಸಿ ಬಟ್ಟೆಗಳನ್ನು ನೋಡುತ್ತಿದ್ದೆ.

ಆಮೇಲೆ ಕಾಕಾ ತಿಂಗಳುಗಟ್ಟಲೆ ರೇಡಿಯೋ ಮುಟ್ಟಲಿಲ್ಲ. ಕೊನೆಗೆ ನಾನೇ ಹೋಗಿ, "ನನಗೂ ಕಲಸ್ರಿ ಕಾಕಾ" ಎಂದೆ.

"ಆ ಸುದ್ದಿ ಇದರಾಗನ ಬಂತಲ್ಲವ್ವಾ... ಮತ್ಯಾಕ ಬೇಕು ನಿನಗ?"

"ನೀವೂ ಸುಮ್ನಾದ್ರ ಮನಿ ಭಾಳ ಭಣಭಣ ಅನಸ್ತೈತ್ರಿ."

ಕಾಕಾ ಎದ್ದು ಹೋಗಿ ರೇಡಿಯೋದ ಮೇಲಿನ ಧೂಳು ಒರೆಸಿದರು. ಆಮೇಲೆ ಸ್ವಿಚ್ ಒತ್ತಿದರು.

ಲೈಸೆನ್ಸಿನ ಪರೀಕ್ಷೆ ಪಾಸಾಗಿ ನನಗೂ ಕಾಲ್‌ಸೈನ್ ಬಂತು. ಮದುವೆಯಾಗಿ ಗಂಡನ ಊರು ಮಳಗಿಗೆ ಬಂದ ಮೇಲೆ, ಭಾನುವಾರ ಬೆಳಗ್ಗೆ ಕಾಕಾ ದಾಂಡೇಲಿಯಿಂದ ನನ್ನ ಅಕ್ಷರಗಳನ್ನು ಒಂದೊಂದಾಗಿ ಕೂಗುತ್ತಿದ್ದರು. ಭತ್ತ, ಮಕ್ಕಳು, ಕಾಕುವಿನ ಮೊಣಕಾಲು ನೋವು... ಅಪ್ಪನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ವರ್ಷ ಒಂದು ಭಾನುವಾರ ಕರೆ ಬರಲಿಲ್ಲ. ಫೋನ್ ಮಾಡಿದರೆ ಕಾಕು, "ನಸುಕಿನ್ಯಾಗ ಹೋಗಿಬಿಟ್ರವ್ವಾ" ಎಂದರು. ಮಣ್ಣಿಗೆ ಹೋಗಿ ಬಂದೆ. ಮನೆಗೆ ಬಂದು ಅನ್ನಕ್ಕಿಟ್ಟೆ.

ಈಗಲೂ ಭಾನುವಾರ ರೇಡಿಯೋ ಹಚ್ಚುತ್ತೇನೆ. ಬೇರೆ ಯಾರೋ ಸಿಗುತ್ತಾರೆ. ನನ್ನ ಧ್ವನಿ ಸ್ಪಷ್ಟವಾಗಿ ಕೇಳುತ್ತಿದೆ ಎನ್ನುತ್ತಾರೆ, ಮುಂದಿನ ಮಾತಿಗೆ ಕಾಯುತ್ತಾರೆ. ನಾನು ನನ್ನ ಅಕ್ಷರಗಳನ್ನೇ ಕಾಕಾನ ಹಾಗೆ ಒಂದೊಂದಾಗಿ ಇನ್ನೊಮ್ಮೆ ಕೂಗುತ್ತೇನೆ.