ಎರಡು ನಲ್ಲಿಗಳ ಚಿತ್ರ

ಸ್ವೀಡಿಷ್ ಮೌಖಿಕ ಪರೀಕ್ಷೆಗೆ ಹೊರಟ ಬೆಳಿಗ್ಗೆ ಗಂಡ ಬಾಗಿಲಲ್ಲೇ ಛೇಡಿಸಿದ. “ನಿಂಗೆ ಮಾತಾಡೋಕೆ ಎಕ್ಸಾಮ್ ಇಡ್ತಾರಾ? ಬಾಯಿ ಮುಚ್ಕೊಂಡಿರೋಕೆ ಇಡ್ಬೇಕಿತ್ತು.” ನಗುತ್ತಲೇ ಬಸ್ಸು ಹತ್ತಿದೆ. ಆದರೆ ಪಾಸಾಗದಿದ್ದರೆ ದಾಗಿಸ್‌ನ, ಅಂದರೆ ಇಲ್ಲಿಯ ಶಿಶುವಿಹಾರದ ಕೆಲಸ ಕೈತಪ್ಪುತ್ತಿತ್ತು. ಸ್ವೀಡನ್ನಿನ ಈ ವೆಸ್ಟೆರಾಸ್ ಊರಿಗೆ ಬಂದ ಮೇಲೆ ಮೂರು ವರ್ಷ ಮನೆಯಲ್ಲಿ ಕೂತು ನನಗೆ ಸಾಕುಬೇಕಾಗಿತ್ತು.

ಪರೀಕ್ಷಕಿ ಒಂದು ಚಿತ್ರವನ್ನು ಮುಂದಿಟ್ಟು ಅರ್ಥ ವಿವರಿಸಲು ಹೇಳಿದರು. ಗೋಡೆಯಲ್ಲಿ ಎರಡು ನಲ್ಲಿ, ಒಂದು ಫಳಫಳ, ಇನ್ನೊಂದಕ್ಕೆ ತುಕ್ಕು. ಗೋಡೆಯ ಹಿಂದೆ ಎರಡಕ್ಕೂ ಒಂದೇ ಪೈಪು. ಮೂಲೆಯಲ್ಲಿ ಅಮೆರಿಕದ ಪುಟ್ಟ ಬಾವುಟ.

ಇಷ್ಟು ಸುಲಭವೇ ಎಂದು ನಾನು ಉಬ್ಬಿಹೋದೆ. ಹೊಳೆಯುವುದು ಕಾವೇರಿ ನಲ್ಲಿ, ತುಕ್ಕು ಹಿಡಿದದ್ದು ಬೋರ್ ನಲ್ಲಿ. ಬೆಂಗಳೂರಿನಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಕುಡಿಯಲು ಅದು, ಪಾತ್ರೆಗೆ ಬಟ್ಟೆಗೆ ಬೋರ್ ನೀರು ಎಂದು ಸ್ವೀಡಿಷ್‌ನಲ್ಲಿ ಹರಿಯಬಿಟ್ಟೆ. ಬಾವುಟ ನಲ್ಲಿ ಕಂಪನಿಯ ಗುರುತು ಎಂದೆ. ಎರಡನ್ನೂ ಒಂದೇ ಪೈಪಿಗೆ ಸೇರಿಸಿದ್ದಕ್ಕೆ ಪ್ಲಂಬರನನ್ನು ಚೆನ್ನಾಗಿ ಬೈದೆ.

ಪರೀಕ್ಷಕಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: ಹಿಂದೆ ಅಮೆರಿಕದಲ್ಲಿ ಬಿಳಿಯರು ಕುಡಿಯಲು ಒಂದು ನಲ್ಲಿ, ಕರಿಯರಿಗೆ ಬೇರೆ ನಲ್ಲಿ ಇರುತ್ತಿತ್ತು. ಒಳಗೆ ನೀರು ಮಾತ್ರ ಒಂದೇ. ನಾನು ನಾಚಿ ನೀರಾದೆ, ಆದರೂ ನಗು ನಿಲ್ಲಲಿಲ್ಲ. ಇಬ್ಬರೂ ಹುಚ್ಚರ ಹಾಗೆ ಪ್ಲಂಬರನನ್ನು ನೆನೆದು ನಕ್ಕೆವು.

ಕೊನೆಗೆ ಅವರು ಕೇಳಿದರು, “ನಿಮ್ಮ ಮನೆಯಲ್ಲಿ ಬೋರ್ ನೀರನ್ನು ಯಾರಾದರೂ ಕುಡಿಯುತ್ತಿದ್ದರೇ?”

“ಇಲ್ಲ, ಯಾರೂ ಕುಡಿಯುತ್ತಿರಲಿಲ್ಲ,” ಎಂದೆ. ಒಂದೂ ತಪ್ಪಿಲ್ಲದ ವಾಕ್ಯ. ಅವರು ಮೆಚ್ಚಿ ತಲೆಯಾಡಿಸಿ, ಪಾಸಾಗಿದ್ದೀರಿ ಎಂದರು.

ಕುಣಿಯುತ್ತಲೇ ಹೊರಬಂದು ಗಂಡನಿಗೆ ಫೋನ್ ಮಾಡಿದೆ. ಕಾವೇರಿ, ಬೋರ್, ಪ್ಲಂಬರ್ ಎಲ್ಲ ಕೇಳಿ ಅವನು ಆಫೀಸಿನಲ್ಲೇ ಬಿದ್ದು ಬಿದ್ದು ನಕ್ಕ. “ಲಾಸ್ಟಲ್ಲಿ ಏನ್ ಕೇಳಿದ್ರು?” ಎಂದ.

ಹೇಳಲು ಬಾಯಿ ತೆರೆದಾಗ ನೆನಪಾಯಿತು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಅಕ್ಕ ಕೆಲಸ ಮುಗಿಸಿ ದಿನಾ ಹಿತ್ತಲಿನ ಬೋರ್ ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಅವರು ಒಮ್ಮೆ ಒಳಗಿನ ಕಾವೇರಿ ನಲ್ಲಿಗೆ ಕೈ ಹಾಕಿದಾಗ, “ಅದು ಬೇಡ, ಹಿಂದಗಡೆ ಇದ್ಯಲ್ಲ,” ಎಂದವಳು ನಾನೇ.