ಗೇರೆಣ್ಣೆ ಕುಡಿದ ಬೋಲ್ಟು

ಆಗಸ್ಟ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಎಂಟು ನಿಮಿಷ. ಆಧಾರ: ನೆಕ್ರಾಜೆಯ ಹಮೀದರ ವರ್ಕ್‌ಶಾಪಿನ ಗೋಡೆಗಡಿಯಾರ. ಅದು ತೋರಿಸುತ್ತಿದ್ದದ್ದು ಒಂಬತ್ತೂಕಾಲು. ಏಳು ನಿಮಿಷ ಮುಂದೆ ಓಡುತ್ತದೆಂಬುದನ್ನು ನನ್ನ ಕೈಗಡಿಯಾರದೊಡನೆ ತಾಳೆ ನೋಡಿ ತಿದ್ದಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ಬೋಲ್ಟಿನ ಸುತ್ತ ಐವರು ಗಂಡಸರು ನೆರೆದಿದ್ದೆವು. ನಮ್ಮೆಲ್ಲರ ಪದವಿಗಳನ್ನು ಕೂಡಿಸಿದರೆ ಆರಾಗುತ್ತಿತ್ತು. ಬೋಲ್ಟು ಅವುಗಳಲ್ಲಿ ಒಂದನ್ನೂ ಮಾನ್ಯ ಮಾಡಲಿಲ್ಲ.

ಬೋಲ್ಟು ಸಿಕ್ಕಿಕೊಂಡಿದ್ದ ಜೀಪು, ತೀರಿಕೊಂಡ ನನ್ನ ಭಾವನದು. ಅಕ್ಕನ ಮನೆ ಗುಡ್ಡೆಯ ನೆತ್ತಿಯಲ್ಲಿದೆ. ಅಲ್ಲಿಗೇರುವ ಕಡಿದಾದ, ಕೆಂಪು ಮುರಕಲ್ಲಿನ ದಾರಿಯನ್ನು ಕಂಡ ಆಟೋಗಳು ಬುಡದಿಂದಲೇ ಹಿಂದಿರುಗುತ್ತವೆ. ಮೊಣಕಾಲಿನ ಚಿಕಿತ್ಸೆಗೆಂದು ಅವಳು ವಾರಕ್ಕೊಮ್ಮೆ ಇಳಿದು ಬರುವುದು ಈ ಜೀಪಿನಲ್ಲಿ ಮಾತ್ರ. ಗುರುವಾರ ಅದರ ಫಿಟ್‌ನೆಸ್ ಪರೀಕ್ಷೆ. ಹಿಂದಿನ ಸ್ಪ್ರಿಂಗಿನ ಪ್ಲೇಟು ತುಂಡಾಗಿತ್ತು. ಅದನ್ನು ಬದಲಿಸಬೇಕಾದರೆ ಈ ಬೋಲ್ಟು ಹೊರಬರಬೇಕು. ಬಾರದಿದ್ದರೆ ಜೀಪು ಗುಜರಿಗೆ, ಅಕ್ಕ ಗುಡ್ಡೆಯ ಮೇಲೆಯೇ.

ಕಚ್ಚಿಕೊಂಡ ಬೋಲ್ಟನ್ನು ಕಂಡೊಡನೆ ನಮ್ಮ ಊರಿನ ಗಂಡಸರಲ್ಲಿ ಉಕ್ಕುವ ಪಾಂಡಿತ್ಯ ಯಾವ ವಿಶ್ವವಿದ್ಯಾನಿಲಯದಲ್ಲೂ ದೊರೆಯತಕ್ಕದ್ದಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಅದರ ಮೇಲೆ ಕೋಲಾ ಸುರಿಯುವಂತೆ ವಿಧಿಸಿದರು. ಆಧಾರವೇನೆಂದು ಕೇಳಿದೆ. ಮೊಬೈಲಿನಲ್ಲಿ ಬಂದಿತ್ತಂತೆ. ಗಲ್ಫಿನಿಂದ ರಜೆಗೆ ಬಂದಿದ್ದ ಇನ್ನೊಬ್ಬರು ಮುಗುಳ್ನಕ್ಕು, "ದುಬಾಯಿಯಲ್ಲಿ ಒಂದು ಸ್ಪ್ರೇ ಉಂಟು ಮಾರಾಯ್ರೆ. ಹೊಡೆದರೆ ಬೋಲ್ಟು ಸಲಾಂ ಹೇಳಿ ಹೊರಗೆ ಬರ್ತದೆ" ಎಂದರು.

"ತಂದಿದ್ದೀರಾ?" ಎಂದರು ಹಮೀದರು, ಜೀಪಿನ ಅಡಿಯಿಂದ.

"ಇಲ್ಲ, ಲಗೇಜ್ ಜಾಸ್ತಿ ಆಯ್ತು."

"ಹಾಗಾದ್ರೆ ಬೋಲ್ಟನ್ನೇ ದುಬಾಯಿಗೆ ಕಳಿಸುವಾ."

ಇತಿಹಾಸ ಕಲಿಸಿ ನಿವೃತ್ತನಾದ ನಾನೂ ಹಿಂದೆ ಬೀಳಲಿಲ್ಲ. ಕಡಲ ಉಪ್ಪುಗಾಳಿ, ಅದರಿಂದ ತುಕ್ಕು, ಅದರ ಮೇಲೆ ಹಿಂದಿನ ಮೆಕ್ಯಾನಿಕನ ಅತಿಬಿಗಿತ ಎಂದು ಕಾರಣಗಳನ್ನು ಕಾಲಾನುಕ್ರಮದಲ್ಲಿ ನಿರೂಪಿಸಿದೆ. ಹಮೀದರು ಸ್ಪ್ಯಾನರಿಗೆ ಪೈಪು ತೊಡಿಸಿದರು. ಮೂವರು ಜೋತುಬಿದ್ದೆವು. ಸ್ಪ್ಯಾನರು ಜಾರಿತು, ಮ್ಯಾನೇಜರರು ಕೆಸರಿನಲ್ಲಿ ಆಸೀನರಾದರು. ಬೋಲ್ಟು ಕೂದಲೆಳೆಯಷ್ಟೂ ಕದಲಲಿಲ್ಲ.

ಆಗ ಹಮೀದರು ಬೋಲ್ಟಿನ ಬುಡವನ್ನು ಉಗುರಿನಿಂದ ಕೆರೆದು ಮೂಸಿದರು. "ಮಾಷ್ಟ್ರೆ, ಇದು ತುಕ್ಕಲ್ಲ. ಗೇರೆಣ್ಣೆ. ಬುದ್ಧಿ ಜಾಸ್ತಿ ಆದವರು ಯಾರೋ ಬಳಿದಿದ್ದಾರೆ."

ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಕಪ್ಪೆಣ್ಣೆಯನ್ನು ನಮ್ಮಲ್ಲಿ ಛಾವಣಿಯ ಪಕಾಸಿಗೆ, ದೋಣಿಗೆ, ದನದ ಹಟ್ಟಿಯ ಕಂಬಕ್ಕೆ ಬಳಿಯುತ್ತಾರೆ. ಗೆದ್ದಲು ಹತ್ತಿರ ಸುಳಿಯದು. ಮರಕ್ಕೆ ಒಳ್ಳೆಯದಾದದ್ದು ಕಬ್ಬಿಣಕ್ಕೂ ಒಳ್ಳೆಯದೆಂದು ತರ್ಕಿಸಬಲ್ಲವರು ಬಹುಶಃ ನಾವು ಮಾತ್ರ. ಜೀಪನ್ನು ಗೆದ್ದಲು ತಿಂದ ನಿದರ್ಶನ ನನ್ನ ಓದಿನಲ್ಲಿ ಎಲ್ಲಿಯೂ ಬಂದಿಲ್ಲ. ಬಿಸಿ ತಾಗಿದ ಹಾಗೆಲ್ಲ ಈ ಎಣ್ಣೆ ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಸೈಲೆನ್ಸರು ವರ್ಷಗಟ್ಟಲೆ ಕಾಯುತ್ತಿದ್ದ ಮೇಲೆ ಕೇಳಬೇಕೆ? ಬೋಲ್ಟೂ ಅದರ ಮನೆಯೂ ಏಕಶಿಲೆಯಾಗಿದ್ದವು.

ಅಪರಾಧಿ ಯಾರೆಂಬುದು ನನಗೆ ಆ ಕ್ಷಣವೇ ಹೊಳೆಯಿತು. ಏಣಿಯಿಂದ ಹಿಡಿದು ಬಟ್ಟೆ ಒಣಗಿಸುವ ಕಂಬದವರೆಗೆ ಎಲ್ಲಕ್ಕೂ ಗೇರೆಣ್ಣೆ ಬಳಿದವರು ಭಾವ. ಅಕ್ಕನಿಗೆ ಫೋನು ಮಾಡಿ, ಅವರ ವೈಜ್ಞಾನಿಕ ಮನೋಭಾವವನ್ನು ತಕ್ಕ ವಿಶೇಷಣಗಳೊಡನೆ ವರ್ಣಿಸಿದೆ.

"ಸತ್ತವರು ಎದುರು ಮಾತಾಡುವುದಿಲ್ಲ ಅಂತ ಧೈರ್ಯವಾ ನಿನಗೆ?" ಎಂದು ಅವಳು ಫೋನಿಟ್ಟಳು.

ಹಮೀದರು ಗ್ಯಾಸಿನ ಜ್ವಾಲೆ ಹಿಡಿದರು. ಎಣ್ಣೆ ಸುಟ್ಟು ಎದ್ದ ಹೊಗೆಗೆ ಕಣ್ಣೂ ಗಂಟಲೂ ಉರಿದವು. ವಿದ್ವತ್ಸಭೆ ಅಧ್ಯಕ್ಷರ ಅಪ್ಪಣೆಗೂ ಕಾಯದೆ ವಿಸರ್ಜನೆಗೊಂಡಿತು. ಮುಖಕ್ಕೆ ಬೈರಾಸು ಸುತ್ತಿಕೊಂಡ ಹಮೀದರೊಬ್ಬರೇ ಉಳಿದು, ಕಾಯಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಹನ್ನೊಂದೂ ನಲವತ್ತಕ್ಕೆ (ತಿದ್ದಿದ ಸಮಯ) ಬೋಲ್ಟನ್ನು ಹೊರಗೆಳೆದರು. ಗುರುವಾರ ಜೀಪು ತೇರ್ಗಡೆಯಾಯಿತು.

ಶನಿವಾರ ಗೆಲುವಿನಿಂದ ಗುಡ್ಡೆ ಹತ್ತಿಸಿದೆ. ಅಕ್ಕ ಅಂಗಳದಲ್ಲಿ ಕೋಲೂರಿ ನಿಂತಿದ್ದಳು. ಜೀಪು ಹತ್ತಲಿಲ್ಲ. "ಅವರನ್ನು ಬೈದದ್ದು ವಾಪಸು ತೆಗೆದುಕೋ, ಮತ್ತೆ ಹತ್ತುತ್ತೇನೆ" ಎಂದು ಒಂದು ಹಳೆಯ ಫೋಟೋ ಮುಂದೆ ಚಾಚಿದಳು.

ಅದರಲ್ಲಿ ಇದೇ ಜೀಪು. ಅದರಡಿಯಿಂದ ಅರ್ಧ ಹೊರಬಂದು, ಕುಂಚ ಹಿಡಿದು, ಹಲ್ಲು ಕಿರಿಯುತ್ತಿರುವವನು ನಾನು. ಭಾವ ದೂರದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದಾರೆ. ಮೂಲೆಯಲ್ಲಿ ಕ್ಯಾಮೆರಾ ಅಚ್ಚೊತ್ತಿದ ದಿನಾಂಕ. ಬ್ಯಾಟರಿ ಬದಲಿಸಿದಾಗ ಇಂಥ ದಿನಾಂಕಗಳು ತಪ್ಪುವುದುಂಟು ಎಂದೆ. ಅಕ್ಕ ಫೋಟೋವನ್ನು ತಿರುವಿದಳು. ಹಿಂಬದಿಯಲ್ಲಿ ಭಾವನ ಅಕ್ಷರ: "ಬೇಡವೆಂದರೂ ಕೇಳಲಿಲ್ಲ." ಕೆಳಗೆ ಅದೇ ದಿನಾಂಕ. ಎರಡು ಸ್ವತಂತ್ರ ಆಧಾರಗಳು ಒಮ್ಮತವಾದರೆ ಸಂಶೋಧಕನು ತಲೆಬಾಗಬೇಕೆಂದು ಕಲಿಸುತ್ತ ಸಂಬಳ ಪಡೆದವನು ನಾನು. ತಲೆಬಾಗಿದೆ, ಅಕ್ಕ ಹತ್ತಿದಳು.

ಆದರೂ ಭಾವ ಜೀಪಿನಡಿ ತೂರಿ ಎಣ್ಣೆ ಬಳಿಯುತ್ತಿದ್ದ ದೃಶ್ಯ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರು ಉಟ್ಟಿದ್ದ ನೀಲಿ ಗೆರೆಯ ಲುಂಗಿ ಕೂಡ ನೆನಪಿದೆ. ಫೋಟೋದಲ್ಲಿ ಆ ಲುಂಗಿ ನನ್ನ ಸೊಂಟದಲ್ಲಿದೆ.