ನೀರಿನ ಗ್ರೂಪಿನಲ್ಲಿ ದಿಲ್ಲಿ ಮಾತು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ಬಂಡಳ್ಳಿಯ ನೀರಿನ ಟ್ಯಾಂಕಿನ ಬುಡದಲ್ಲಿ ನೀರುಗಂಟಿ ರಂಗನಾಯಕ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಎದೆಯುದ್ದದ ಕಬ್ಬಿಣದ ಕೀಲಿ. ಅದರ ಒಂದು ತುದಿ ಗುಂಡಿಯೊಳಗಿನ ವಾಲ್ವಿನ ಮೇಲೆ, ಇನ್ನೊಂದು ತುದಿ ಅವರ ಬಲಗಿವಿಗೆ. ನೀರು ನುಗ್ಗುವ ಮೊದಲು ಕೊಳವೆಯೊಳಗಿನ ಗಾಳಿ ಗೊರಗೊರ ಎನ್ನುತ್ತದೆ. ಆ ಸದ್ದು ಅಡಗಿದ ಮೇಲೆಯೇ ಕೀಲಿ ತಿರುಗಿಸಬೇಕು. ಆತುರಪಟ್ಟರೆ ಹಳೆಯ ಕೊಳವೆಯ ಜಾಯಿಂಟು ಕಿತ್ತು ಬರುತ್ತದೆ.

“ತಡೀರಿ ಸಾ, ಇನ್ನೂ ಕೆಮ್ತಾ ಅದೆ,” ಎನ್ನುತ್ತಾರೆ ಅವರು, ಪತ್ರಿಕೆಗೆ ಬರೆಯಲು ಬಂದವರಿಗೆ. ಅರೆ ನಿಮಿಷದ ಮೇಲೆ ಎರಡೂ ಕೈಯಿಂದ ಕೀಲಿ ತಿರುಗಿಸುತ್ತಾರೆ. ಟವೆಲಿನಲ್ಲಿ ಕೈ ಒರೆಸಿಕೊಂಡು ಜೇಬಿನಿಂದ ಮೊಬೈಲು ತೆಗೆದು, ಬಾಯಿಯ ಹತ್ತಿರ ಹಿಡಿದು ಹೇಳುತ್ತಾರೆ: “ಕೆಳಗಿನ್ ಬೀದಿಗೆ ಬುಟ್ಟಿವ್ನಿ ಕಣ್ರವ್ವಾ. ಮೇಲಿನ್ ಬೀದಿಗೆ ಆರೂ ಕಾಲು. ಬೇಗ್ ಬೇಗ ಇಡ್ಕಳಿ.”

‘ಬಂಡಳ್ಳಿ ನೀರು’ ಎಂಬ ವಾಟ್ಸ್ಯಾಪ್ ಗ್ರೂಪಿಗೆ ಆ ಮಾತು ಹೋಗಿ ಬೀಳುತ್ತದೆ. ಇನ್ನೂರ ಹದಿನಾಲ್ಕು ನಂಬರುಗಳು. ಸ್ವಲ್ಪ ಹೊತ್ತಿಗೆ ಟೀ ಅಂಗಡಿಯ ಮೂರ್ತಿ ಅವತ್ತಿನ ಪೇಪರಿನ ಮೊದಲ ಪುಟದ ಫೋಟೊ ಹಾಕುತ್ತಾರೆ. ಅದಾಗಿ ಎರಡೇ ನಿಮಿಷಕ್ಕೆ ಯಾರೋ ಕೇಳುತ್ತಾರೆ: “ಗ್ಯಾಸ್ ರೇಟು ಇಳಿಸ್ತೀವಿ ಅಂದೋರು ಎಲ್ಲವ್ರೆ?” ಇನ್ನೊಬ್ಬರು: “ರೋಡು ಮಾಡ್ದವ್ರೂ ಅವ್ರೇ ಅಲ್ವಾ, ಅದ್ಯಾಕೆ ಕಾಣಕಿಲ್ಲ?” ಅಲ್ಲಿಂದ ನೀರು ನಿಲ್ಲುವವರೆಗೆ ದಿಲ್ಲಿಯ ಬಜೆಟ್ಟು, ಪೆಟ್ರೋಲು, ಚುನಾವಣೆ, ಗಡಿ, ಯುದ್ಧ ಎಲ್ಲವೂ ಬಂಡಳ್ಳಿಯ ನಲ್ಲಿಗಳ ಮುಂದೆ ಹಾದು ಹೋಗುತ್ತವೆ. ಗ್ರೂಪು ಕಟ್ಟಿದವರು, ಅದನ್ನು ಕಾಯುವವರು ರಂಗನಾಯಕ. ಅದರಲ್ಲಿ ದೇಶದ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಆಡದವರು ಕೂಡ ಅವರೊಬ್ಬರೇ.

ರಂಗನಾಯಕರಿಗೆ ನಲವತ್ತೇಳು ವರ್ಷ. ಓದಿದ್ದು ಏಳನೇ ಕ್ಲಾಸು. ಮೊದಲು ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ನೀರುಗಂಟಿಯಾದರು. ಎರಡು ಕೊಳವೆ ಬಾವಿ, ಒಂದು ಟ್ಯಾಂಕು, ಹನ್ನೊಂದು ವಾಲ್ವು ಅವರ ಸಂಸಾರ. ದಿನಕ್ಕೆ ಸೈಕಲ್ಲಿನಲ್ಲಿ ಹತ್ತಿರ ಹತ್ತಿರ ಎಂಟು ಕಿಲೋಮೀಟರ್ ಓಡಾಟ. ತಿಂಗಳಿಗೊಮ್ಮೆ ಐವತ್ತೆಂಟು ಮೆಟ್ಟಿಲು ಹತ್ತಿ ಟ್ಯಾಂಕಿನೊಳಗೆ ಇಳಿದು ತೊಳೆಯಬೇಕು. ಎಲ್ಲಿ ಕೊಳವೆ ಸೋರಿದರೂ ಮೊದಲ ಬೈಗುಳ ಅವರಿಗೆ.

“ಅಬ್ಬದ್ ದಿನ ಎಲ್ರಿಗೂ ನೀರು ಜಾಸ್ತಿ ಬೇಕು. ಅಂಗಾಗಿ ನಂಗೆ ಅಬ್ಬ ಇಲ್ಲ,” ಎಂದು ನಗುತ್ತಾರೆ.

ತ್ರೀ ಫೇಸ್ ಕರೆಂಟು ಬರುವ ಹೊತ್ತು ದಿನಕ್ಕೊಂದು ಥರ. ಕರೆಂಟು ಬಂದಾಗಲೇ ಮೋಟಾರು, ಟ್ಯಾಂಕು ತುಂಬಿದಾಗಲೇ ನೀರು. ಮೊದಲು ಬೀದಿ ಬೀದಿಯಲ್ಲಿ ಸೀಟಿ ಊದುತ್ತಿದ್ದರು. ಐದು ವರ್ಷದ ಹಿಂದೆ ಪಂಚಾಯ್ತಿ ಆಫೀಸಿನಲ್ಲಿ ಕುಳಿತು ಗ್ರೂಪು ಮಾಡಿಸಿಕೊಂಡರು. ನೀರಿನ ಕಂದಾಯದ ಪುಸ್ತಕದಲ್ಲಿ ಮನೆಯ ಯಜಮಾನರ ನಂಬರು ಇತ್ತು, ಅದೇ ನಂಬರುಗಳು ಗ್ರೂಪಿಗೆ ಬಂದವು. ಅಂದರೆ ಬಹುಪಾಲು ಗಂಡಸರ ನಂಬರು. ಮುಂದೆ ನಡೆದದ್ದಕ್ಕೆಲ್ಲ ಈ ಸಣ್ಣ ಸಂಗತಿಯೇ ಮೂಲ.

ರಾಜಕೀಯ ಹೊಕ್ಕಾಗ ರಂಗನಾಯಕ ಎರಡು ಸಲ ಬೇಡವೆಂದಿದ್ದರು. ಮೂರನೆಯ ಸಲ ಸುಮ್ಮನಾದರು. “ಮೊದ್ಲು ನಾನ್ ನೀರ್ ಬುಟ್ಟಿವ್ನಿ ಅಂದ್ರೆ ನಲವತ್ ಜನ ಕೇಳೋರು. ಈಗ ದಿಲ್ಲಿ ಜಗಳ ನೋಡಕ್ ಬಂದೋರೆಲ್ಲ ನನ್ ಮಾತ್ನೂ ಕೇಳ್ತರೆ. ಯಾರ್ ಮನೇಲೂ ಬಿಂದ್ಗೆ ಖಾಲಿ ಇರಕಿಲ್ಲ.” ತಾವೇಕೆ ಏನೂ ಹೇಳುವುದಿಲ್ಲ ಎಂದರೆ ಅವರ ಉತ್ತರ ಸಿದ್ಧವಾಗಿದೆ: “ನಾನ್ ಒಂದ್ ಕಡೆ ಅಂದ್ಬುಟ್ರೆ, ಇನ್ನೊಂದ್ ಕಡೆಯೋರ ಬೀದೀಲಿ ನೀರು ಸಣ್ಣಕ್ ಬಂದ ದಿನ ಏನಂದಾರು ನೀವೇ ಯೇಳಿ?”

ಹನ್ನೊಂದು ವಾಲ್ವು ಸುತ್ತುವವರಿಗೆ ಮಾತ್ರ ಕಾಣುವ ಒಂದು ನೋಟವಿದೆ. ನೀರು ಯಾವ ಬೀದಿಗೆ ಎಂದು ತಿಳಿಯಬೇಕಾದ್ದರಿಂದ ಬೆಳಿಗ್ಗೆ ಯಜಮಾನರ ಮೊಬೈಲು ಮನೆಯ ಹೆಂಗಸರ ಕೈಯಲ್ಲಿರುತ್ತದೆ. ನಲ್ಲಿ ಮುಂದೆ ಸರದಿ ಬರುವ ತನಕ ಇಪ್ಪತ್ತು ನಿಮಿಷ. ಸೊಂಟದಲ್ಲಿ ಬಿಂದಿಗೆ, ಹೆಬ್ಬೆರಳಿನಲ್ಲಿ ದೇಶ. ಐದೂವರೆಯಿಂದ ಏಳರ ತನಕ ಗ್ರೂಪಿನಲ್ಲಿ ಗಂಡಸರ ಹೆಸರಿನಲ್ಲಿ ಬರುವ ಮಾತುಗಳಲ್ಲಿ ಅರ್ಧಕ್ಕರ್ಧ ಅವರ ಹೆಂಡಿರದು, ಅಕ್ಕಂದಿರದು, ಸೊಸೆಯರದು. ಇದನ್ನು ರಂಗನಾಯಕ ಎರಡು ವರ್ಷದಿಂದ ನೋಡುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ತಾವೇ ಎಣಿಸಿದಾಗ ಅರವತ್ತೆರಡು ನಂಬರುಗಳ ಹಿಂದೆ ಹೆಂಗಸರಿದ್ದರಂತೆ.

ಅವರಲ್ಲಿ ಎಲ್ಲರಿಗಿಂತ ಚುರುಕು ಮೇಲಿನ ಬೀದಿಯ ಪುಟ್ಟಬಸಮ್ಮ. ಐವತ್ತೈದರ ಸುಮಾರು. ಅವರ ಪತಿ ಕೆಂಪನಂಜಪ್ಪ ದೊಡ್ಡ ಜಮೀನಿನವರು, ಒಂದು ಸಲ ಪಂಚಾಯ್ತಿ ಮೆಂಬರಾಗಿದ್ದವರು. ರಂಗನಾಯಕರಿಗೆ ಈ ಕೆಲಸ ಸಿಗಲಿ ಎಂದು ಅಂದು ಮಾತಾಡಿದ್ದವರೂ ಅವರೇ. ಕೆಂಪನಂಜಪ್ಪ ಸಂಜೆ ಹೊತ್ತು ಗ್ರೂಪಿಗೆ ಬರುತ್ತಾರೆ. ದೇಶಕ್ಕೆಲ್ಲ ಒಂದೇ ಸಲ ಚುನಾವಣೆ ಮಾಡುವ ಮಾತು ಬಂದಾಗ ಅವರು ಬರೆದರು: “ಆಗಲೇಬೇಕು. ಖರ್ಚು ಉಳಿಯುತ್ತದೆ.” ಮರುದಿನ ಬೆಳಿಗ್ಗೆ ಅದೇ ನಂಬರಿನಿಂದ ಇನ್ನೊಂದು ಮಾತು ಬಂತು: “ಓಟು ಬಂದಾಗಲೇ ನಮ್ಮ ಬೀದಿಗೆ ಲೈಟು ಬರುವುದು. ಐದು ವರ್ಷಕ್ಕೆ ಒಂದೇ ಓಟಾದರೆ ನಾಲ್ಕು ವರ್ಷ ಕತ್ತಲೆ.”

ಬರೆದಾದ ಮೇಲೆ ಪುಟ್ಟಬಸಮ್ಮ ಒಂದು ಕೆಲಸ ಮಾಡುತ್ತಿದ್ದರು. ಆ ಮಾತಿನ ಮೇಲೆ ಬೆರಳಿಟ್ಟು ‘ನನಗೆ ಮಾತ್ರ ಅಳಿಸು’ ಎಂಬುದನ್ನು ಒತ್ತುತ್ತಿದ್ದರು. ಗಂಡನ ಮೊಬೈಲಿನಿಂದ ಅದು ಮಾಯ, ಊರಿನ ಉಳಿದೆಲ್ಲ ಮೊಬೈಲುಗಳಲ್ಲಿ ಹಾಗೇ ಇರುತ್ತದೆ. “ಅವ್ರ ಕಣ್ಗೆ ಬೀಳಬಾರ್ದು, ಊರ ಕಣ್ಗೆ ಬೀಳಬೇಕು. ನಂಗೆ ಅಷ್ಟೇ ಬೇಕಾಗಿತ್ತು ಬುಡಿ,” ಎನ್ನುವಾಗ ಪುಟ್ಟಬಸಮ್ಮನವರ ಮುಖದಲ್ಲಿ ಪಶ್ಚಾತ್ತಾಪದ ಎಳೆಯೂ ಇಲ್ಲ.

ಹೀಗೆ ಊರಿಗೆ ಇಬ್ಬರು ಕೆಂಪನಂಜಪ್ಪ ಆದರು, ಬೆಳಗಿನವರು ಮತ್ತು ಸಂಜೆಯವರು. ಇದೊಂದೂ ಗೊತ್ತಿಲ್ಲದಿದ್ದವರು ಕೆಂಪನಂಜಪ್ಪ ಮಾತ್ರ. ತಾವು ಹೇಳದ ಮಾತಿಗೆ ಜನ ಯಾಕೆ ಉತ್ತರ ಕೊಡುತ್ತಾರೆ ಎಂದು ಅವರಿಗೆ ಆಗಾಗ ಅನ್ನಿಸಿದ್ದುಂಟಂತೆ, ಬೇರೆ ಯಾರಿಗೋ ಹೇಳಿದ್ದಾರೆಂದು ಸುಮ್ಮನಾಗಿದ್ದರು. ಹೋದ ಮಾರ್ಚಿನಲ್ಲಿ ಟೀ ಅಂಗಡಿಯ ಮೂರ್ತಿಗೆ ಬಾಯಿ ತಡೆಯಲಿಲ್ಲ. ಗ್ಲಾಸು ಕೊಡುತ್ತಾ ಕೇಳಿಯೇಬಿಟ್ಟರು: “ಅಲ್ಲ ಯಜಮಾನ್ರೇ, ಬೆಳಗಿನ್ ಒತ್ತು ನೀವು ಅಷ್ಟು ಬುದ್ಧಿವಂತ್ರು. ಸಂಜೆಗ್ ಏನಾಯ್ತದೆ ನಿಮ್ಗೆ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೂರ್ತಿ ತಮ್ಮ ಮೊಬೈಲು ತೆಗೆದು ತೋರಿಸಿದರು. ಕೆಂಪನಂಜಪ್ಪ ತಮ್ಮ ಹೆಸರಿನ ಕೆಳಗಿದ್ದ, ತಾವು ಕನಸಿನಲ್ಲೂ ಬರೆಯದ ಮಾತುಗಳನ್ನು ಒಂದೊಂದಾಗಿ ಓದಿದರು. ಟೀ ಕುಡಿಯದೆ ನೇರ ಟ್ಯಾಂಕಿನ ಹತ್ತಿರ ಬಂದರು.

“ಲೇ ರಂಗ, ನನ್ ನಂಬರ್ನಾಗೆ ಯಾರ್ಲಾ ಬರ್ಯೋರು?”

“ನಿಮ್ಮನೆಗೆ ನೀರ್ ಇಡ್ಕಳೋರು ಯಾರು ಯಜಮಾನ್ರೇ?” ಎಂದರಂತೆ ರಂಗನಾಯಕ.

ಕೆಂಪನಂಜಪ್ಪನವರಿಗೆ ತಿಳಿಯಿತು. ತಿಳಿದದ್ದೇ ಸಿಟ್ಟು ಇಮ್ಮಡಿಯಾಯಿತು. “ಗ್ರೂಪ್‌ನ ಮುಚ್ಚು. ನೀರಿನ್ ಸುದ್ದಿ ನೀನೊಬ್ನೇ ಆಕು, ಬ್ಯಾರೆ ಯಾರೂ ಉಸ್ರೆತ್ತಬಾರ್ದು. ಸೋಮವಾರದ್ ಒಳ್ಗೆ ಆಗ್ಬೇಕು. ಇಲ್ದಿದ್ರೆ ನಾನೇ ಪಂಚಾಯ್ತೀಲಿ ಮಾತಾಡ್ತೀನಿ.” ಈ ಮಾತು ತಾವು ಆಡಿದ್ದು ನಿಜವೆಂದು ಕೆಂಪನಂಜಪ್ಪನವರೇ ಒಪ್ಪುತ್ತಾರೆ. ಅವರನ್ನು ಕೇಳದೆ ಇಲ್ಲಿ ಬರೆದಿಲ್ಲ.

ಮೊಬೈಲಿನಲ್ಲಿ ಅದು ಒಂದು ಗುಂಡಿ ಒತ್ತುವಷ್ಟು ಕೆಲಸ. ಒತ್ತಿದರೆ ಪುಟ್ಟಬಸಮ್ಮ ಒಬ್ಬರದ್ದಲ್ಲ, ಅರವತ್ತೆರಡು ಜನರ ಬಾಯಿ ಮುಚ್ಚುತ್ತದೆ. ಒತ್ತದಿದ್ದರೆ ರಂಗನಾಯಕರ ಕೆಲಸಕ್ಕೆ ಕುತ್ತು. ಅದು ಖಾಯಂ ಕೆಲಸವಲ್ಲ. ಸೋಮವಾರದವರೆಗಿನ ಆ ಮೂರು ದಿನ ಕೀಲಿ ಕಿವಿಗಿಟ್ಟರೂ ನೀರಿನ ಸದ್ದು ಕೇಳಿಸುತ್ತಿರಲಿಲ್ಲ ಎನ್ನುತ್ತಾರೆ. ಒಂದು ಜಾಯಿಂಟು ಕಿತ್ತೂ ಬಂತು.

ಭಾನುವಾರ ಎರಡೂ ಬೀದಿಯ ನಲ್ಲಿಗಳ ಹತ್ತಿರ ಗ್ರೂಪು ಮುಚ್ಚುವ ಸುದ್ದಿ ಹೇಳಿದರು. ಕೆಳಗಿನ ಬೀದಿಯಲ್ಲಿ, ಕೂಲಿಗೆ ಹೋಗುವ ರಾಮಮ್ಮ ಬಿಂದಿಗೆ ಕೆಳಗಿಟ್ಟರು. “ಯಾಕಣ್ಣ ಮುಚ್ಚದು? ದಿನವೆಲ್ಲ ಕಳೆ ಕೀಳ್ತೀನಿ, ಆ ಕಳೆ ನನ್ನ ಏನಾದ್ರೂ ಕೇಳದಾ? ಬೆಳಗಾನ ಇಲ್ಲಿ ಒಂದ್ ಗಳಿಗೆ ಕೇಳ್ತರೆ, ‘ನೀನೇನಂತೀಯೆ’ ಅಂತ.” ಮೇಲಿನ ಬೀದಿಯಲ್ಲಿ ಪುಟ್ಟಬಸಮ್ಮ ನೀರು ತುಂಬಿದ ಕೊಡ ಎತ್ತಿಕೊಂಡು ಹೋಗುವಾಗ ಒಂದೇ ಮಾತು ಹೇಳಿದರು: “ನಿನ್ ಕೆಲ್ಸ ನೋಡ್ಕೊ ರಂಗಣ್ಣ. ನಮ್ಮಿಂದ ನಿನ್ ಹೊಟ್ಟೆ ಮೇಲೆ ಹೊಡ್ತ ಬೀಳದು ಬ್ಯಾಡ.”

ಮುಚ್ಚಲು ಹೊರಟಿದ್ದ ತಮ್ಮನ್ನು ತಿರುಗಿಸಿದ್ದು ಆ ಮಾತೇ ಎನ್ನುತ್ತಾರೆ ರಂಗನಾಯಕ.

ಸೋಮವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಅವರ ದನಿ ಗ್ರೂಪಿಗೆ ಬಂತು. ಅದನ್ನು ಊರಿನ ಎಷ್ಟೋ ಜನ ಇನ್ನೂ ಅಳಿಸಿಲ್ಲ. “ಮೇಲಿನ್ ಬೀದಿಗೆ ಆರು ಗಂಟೆ. ಇನ್ನೊಂದ್ ಮಾತು. ಇದು ನೀರಿನ್ ಗ್ರೂಪು. ನಂಬರು ಯಾರ್ದಾದ್ರೂ ಆಗ್ಲಿ, ಮನೆಗೆ ಯಾರು ನೀರ್ ಇಡೀತರೋ ಗ್ರೂಪು ಅವ್ರದ್ದೂ ಆಯ್ತದೆ. ನಾನ್ ಮುಚ್ಚಕಿಲ್ಲ. ಆದ್ರೆ ಇವತ್ತಿಂದ ಯಾರೇ ಮಾತಾಡ್ಲಿ, ಬಾಯಲ್ಲೇ ಮಾತಾಡಿ, ಮೊದ್ಲು ಯೆಸ್ರು ಯೇಳಿ. ಯೆಸ್ರಿಲ್ದಿದ್ರೆ ಗಂಡಸ್ರುದ್ದಾದ್ರೂ ಸರಿ, ಎಂಗಸ್ರುದ್ದಾದ್ರೂ ಸರಿ, ನಾನೇ ಅಳಿಸ್ಬುಡ್ತೀನಿ.”

ಆಮೇಲೆ ಹನ್ನೊಂದು ನಿಮಿಷ ಗ್ರೂಪಿನಲ್ಲಿ ಯಾರದೂ ಸದ್ದಿಲ್ಲ. ಮೂರ್ತಿ ಪೇಪರಿನ ಫೋಟೊ ಕೂಡ ಹಾಕಲಿಲ್ಲ. ಮೇಲಿನ ಬೀದಿಯ ವಾಲ್ವಿನ ಹತ್ತಿರ ಕೂತಿದ್ದ ರಂಗನಾಯಕ, ಕೆಲಸವೂ ಹೋಯ್ತು, ಮಾತೂ ಹೋಯ್ತು ಅಂದುಕೊಂಡರು.

ಐದು ಐವತ್ತಾರಕ್ಕೆ ಒಂದು ಹೆಂಗಸಿನ ದನಿ ಬಂತು. “ನಾನು ಪುಟ್ಟಬಸಮ್ಮ. ನಂಬರು ನಮ್ ಯಜಮಾನ್ರದ್ದು, ಮಾತು ನಂದು.” ಹೆಸರು ಹೇಳಿಯಾದ ಮೇಲೆ ದನಿ ಗಟ್ಟಿಯಾಯಿತು. “ಒಂದೇ ಓಟು ಬ್ಯಾಡ ಅಂದಿದ್ದು ನಾನೇ. ಈಗ್ಲೂ ಬ್ಯಾಡ ಅಂತೀನಿ. ಯಾಕೆ ಅಂದ್ರೆ ಕೇಳ್ಕಳಿ…” ಎಂದು ಎರಡು ನಿಮಿಷ ಮಾತಾಡಿದರು. ಬೆನ್ನಿಗೇ “ನಾನು ರಾಮಮ್ಮ ಕಣ್ರಪ್ಪೋ, ಕೆಳಗಿನ್ ಬೀದಿ” ಬಂತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಒಬ್ಬಾಕೆ “ನಾನು ಸೋಮಮ್ಮ” ಎಂದಷ್ಟೇ ಹೇಳಿ ನಿಲ್ಲಿಸಿದರು. ಏನು ವಿಷಯ ಎಂದು ಮೂರ್ತಿ ಕೇಳಿದರೆ, “ವಿಷ್ಯ ನಾಳೆ ಯೇಳ್ತೀನಿ, ಇವತ್ತು ಯೆಸ್ರು ಯೇಳಿವ್ನಿ” ಎಂಬ ಉತ್ತರ ಬಂತು. ಅವತ್ತು ಹೆಸರು ಹೇಳಿದ ಹೆಂಗಸರು ಹದಿನೇಳು.

ಊರು ಸಂಜೆಗೆ ಕಾದಿತ್ತು. ಏಳೂವರೆಗೆ ಕೆಂಪನಂಜಪ್ಪನವರ ದನಿ ಬಂತು. ಕೆಮ್ಮಿದರು. ಹಳೆಯ ಪಂಚಾಯ್ತಿ ಮೀಟಿಂಗಿನ ಗತ್ತಿನಲ್ಲಿಯೇ ಹೇಳಿದರು: “ನಾನು ಕೆಂಪನಂಜಪ್ಪ. ಬೆಳಿಗ್ಗೆ ಈ ನಂಬರಿನಿಂದ ಬಂದ ಮಾತಿಗೆ ನನ್ನ ವಿರೋಧ ಇದೆ. ಕಾರಣ ಮೂರು.” ಮೂರೂ ಕಾರಣ ಹೇಳಿದರು. ಅಡುಗೆಮನೆಯಲ್ಲಿದ್ದ ಪುಟ್ಟಬಸಮ್ಮ ಅದನ್ನೆಲ್ಲ ಕೇಳಿಸಿಕೊಂಡು, ಊಟಕ್ಕೆ ಬಡಿಸಿ, ಉತ್ತರವನ್ನು ಬೆಳಗಿನ ನೀರಿನವರೆಗೆ ಕಾದಿಟ್ಟುಕೊಂಡರು. “ಮನೇಲಿ ಯೇಳುದ್ರೆ ಜಗಳ ಆಯ್ತದೆ. ಅಲ್ಲಿ ಯೇಳುದ್ರೆ ಚರ್ಚೆ ಆಯ್ತದೆ,” ಎನ್ನುತ್ತಾರೆ.

ಕೆಂಪನಂಜಪ್ಪ ಪಂಚಾಯ್ತಿಗೆ ಹೋಗಲಿಲ್ಲ. ಒಂಬತ್ತು ದಿನ ರಂಗನಾಯಕರ ಜೊತೆ ಮಾತು ಬಿಟ್ಟಿದ್ದರು. ಹತ್ತನೆಯ ದಿನ ಸೈಕಲ್ಲಿಗೆ ಅಡ್ಡ ನಿಂತು, “ಯಾವ್ ಕಾರಣ ಗಟ್ಟಿ ಅಂತೀಯ್ಲಾ, ನಂದೋ ಅವ್ಳುದೋ?” ಎಂದರು. “ನಾನ್ ನೀರುಗಂಟಿ ಯಜಮಾನ್ರೇ,” ಎಂದು ರಂಗನಾಯಕ ಪೆಡಲು ತುಳಿದರು.

ಈಗ ಬೆಳಗಿನ ಹೊತ್ತು ಹೆಸರು ಹೇಳುವ ಹೆಂಗಸರು ನಲವತ್ತು ದಾಟಿದ್ದಾರೆ. ಕೊಳ್ಳೇಗಾಲದಿಂದ, ಯಳಂದೂರಿನಿಂದ ನೆಂಟರೂ ಸೇರಿಸಿಕೊಳ್ಳಿ ಎನ್ನುತ್ತಿದ್ದಾರೆ. ಇಲ್ಲಿ ನೀರು ಹಿಡಿಯದವರಿಗೆ ಜಾಗವಿಲ್ಲ ಎಂದುಬಿಟ್ಟಿದ್ದಾರೆ ರಂಗನಾಯಕ.

ಆ ಸೋಮವಾರದ ಬಗ್ಗೆ ಮತ್ತೆ ಕೇಳಿದರೆ ಅವರು ಸುತ್ತ ನೋಡಿ ದನಿ ತಗ್ಗಿಸುತ್ತಾರೆ. “ಆರೂ ಮುಕ್ಕಾಲ್ಗೆ ವಾಲ್ವು ಮುಚ್ಬೇಕಾಗಿತ್ತು ಸಾ. ನೀರ್ ನಿಂತ್ರೆ ಎಲ್ಲಾ ಮನೆಗೆ ಓಯ್ತರೆ, ಮೊಬೈಲು ಗಂಡಸ್ರ ಕೈಗ್ ಓಯ್ತದೆ. ಇನ್ನೂ ನಾಕೈದ್ ಜನ ಯೆಸ್ರು ಯೇಳೋರಿದ್ರು. ಅಂಗಾಗಿ ಕಾಲ್ ಗಂಟೆ ಜಾಸ್ತಿ ನೀರ್ ಬುಟ್ಬುಟ್ಟೆ. ಹದಿನಾಕ್ ವರ್ಷಕ್ಕೆ ಅದೊಂದೇ ದಿನ ನಾನ್ ಟೈಮ್ ತಪ್ಪಿಸ್ದೋನು.”

ಇದು ಪತ್ರಿಕೆಯಲ್ಲಿ ಬಂದರೆ ಪಂಚಾಯ್ತಿಯ ಮೇಲಧಿಕಾರಿಗಳು ಕೇಳಬಹುದು, ಬಿಟ್ಟುಬಿಡೋಣವೇ ಎಂದರೆ, ರಂಗನಾಯಕ ಕೀಲಿಯನ್ನು ಹೆಗಲಿಗೇರಿಸುತ್ತಾರೆ.

“ಬರ್ಕಳಿ ಸಾ,” ಎನ್ನುತ್ತಾರೆ. “ಬೈದ್ರೆ ಬೈಸ್ಕತೀನಿ.”